ಕದ್ದ ವಸ್ತು ಯಾರದ್ದು ಅಂತ ಮೊದಲು ಕೇಳಿ

ಪ್ರಶ್ನೆ: ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂದು ಫ್ಯಾಂಟಸಿ ಸಾಹಸ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಮಿಂಚಿ, ಹನ್ನೊಂದು ವರ್ಷದ ಅನಾಥೆ. ಕಳ್ಳರ ಗುಂಪಿನಲ್ಲಿ ಎಲ್ಲರ ಕೈಲೂ ಬೈಸಿಕೊಳ್ಳುವ ಹುಡುಗಿ. ಮೊದಲ ಅಧ್ಯಾಯದಲ್ಲಿ ಅವಳು ಅರಮನೆಯ ಖಜಾನೆಯಿಂದ ಒಂದು ಮಂತ್ರದ ಉಂಗುರ ಕದಿಯುತ್ತಾಳೆ. ಕೊನೆಗೆ ಅವಳೇ ಕಳೆದುಹೋದ ರಾಜಕುಮಾರಿ ಎಂದು ತಿಳಿಯುತ್ತದೆ. ಎಂಟು ಅಧ್ಯಾಯ ಬರೆದು ನಿಂತುಬಿಟ್ಟಿದ್ದೇನೆ, ಮುಂದಕ್ಕೆ ಹೋಗುತ್ತಿಲ್ಲ. ಓದಿದ ಒಬ್ಬಿಬ್ಬರು ‘ಮಕ್ಕಳಿಗೆ ಕಳ್ಳತನ ಕಲಿಸಿದ ಹಾಗೆ ಆಗಲ್ವಾ?’ ಅಂತಲೂ ಕೇಳಿದರು. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಎಂಟೂ ಅಧ್ಯಾಯ ಓದಿದೆ. ಕಥೆ ನಿಂತಿರುವುದು ಎಂಟರಲ್ಲಿ, ಆದರೆ ತೊಡಕು ಇರುವುದು ಒಂದರಲ್ಲಿ. ಆ ಉಂಗುರಕ್ಕೆ ಒಡೆಯರೇ ಇಲ್ಲ. ಖಜಾನೆಯಲ್ಲಿತ್ತು ಅಂದಮೇಲೆ ರಾಜನದ್ದು, ಸರಿ. ಆದರೆ ಆ ರಾಜ ನಮಗೆ ಗೊತ್ತಿಲ್ಲ, ಅವನ ಹತ್ತಿರ ಅಂಥ ಒಡವೆ ರಾಶಿ ಬಿದ್ದಿದೆ. ಉಂಗುರ ಹೋಯಿತು ಅಂತ ನಿಮ್ಮ ಕಥೆಯಲ್ಲಿ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಯಾರಿಗೂ ತಟ್ಟದ ಕಳ್ಳತನದಿಂದ ಮುಂದಿನ ಘಟನೆ ಹುಟ್ಟುವುದಿಲ್ಲ. ಅದಕ್ಕೇ ನಾಲ್ಕನೇ ಅಧ್ಯಾಯದಲ್ಲಿ ಒಬ್ಬ ದುಷ್ಟ ಮಾಂತ್ರಿಕನನ್ನು ಎಲ್ಲಿಂದಲೋ ಕರೆತರಬೇಕಾಯಿತು, ಆರನೆಯದರಲ್ಲಿ ಒಂದು ರಾಕ್ಷಸ ಹಕ್ಕಿ ಬಂತು, ಎಂಟರಲ್ಲಿ ಭೂಕಂಪ ಆಯಿತು. ಕಥೆ ತಾನಾಗಿ ಓಡದೇ ಇದ್ದಾಗ ನಾವೆಲ್ಲ ಹೀಗೆ ಹೊರಗಿಂದ ತಳ್ಳುತ್ತೇವೆ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಮಿಂಚಿ ಕದ್ದದ್ದು ಯಾರದ್ದು? ಆ ವಸ್ತು ಇಲ್ಲದೆ ಮಾರನೇ ದಿನ ಬೆಳಗ್ಗೆ ಆ ಮನೆಯಲ್ಲಿ ಏನಾಯಿತು?

ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಶೂದ್ರಕನ ‘ಮೃಚ್ಛಕಟಿಕ’ ಎಂಬ ಸಂಸ್ಕೃತ ನಾಟಕದಲ್ಲಿದೆ. ಅದು ಮಕ್ಕಳ ನಾಟಕವಲ್ಲ, ಆದರೂ ಕಳ್ಳನ ಕಥೆ ಬರೆಯುವ ಯಾರೇ ಆಗಲಿ ಅದರ ಮೂರನೇ ಅಂಕವನ್ನು ಎದುರಿಗೆ ಇಟ್ಟುಕೊಳ್ಳಬೇಕು. ಶರ್ವಿಲಕ ಎಂಬುವನು ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಅವನಿಗೆ ತನ್ನ ಕಸುಬಿನ ಮೇಲೆ ಎಷ್ಟು ಹೆಮ್ಮೆ ಅಂದರೆ, ಗೋಡೆಯಲ್ಲಿ ಯಾವ ಆಕಾರದ ಕಿಂಡಿ ಕೊರೆಯಲಿ ಅಂತ ಯೋಚಿಸುತ್ತಾ ನಿಲ್ಲುತ್ತಾನೆ. ಅರಳಿದ ತಾವರೆಯೋ, ಸೂರ್ಯನೋ, ಎಳೆ ಚಂದ್ರನೋ, ತುಂಬಿದ ಕೊಡವೋ? ಸುಟ್ಟ ಇಟ್ಟಿಗೆಯ ಗೋಡೆಗೆ ತುಂಬಿದ ಕೊಡವೇ ಚೆಂದ ಅಂತ ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತು ಬಂದಿರುತ್ತಾನೆ, ಜನಿವಾರದಲ್ಲೇ ಅಳೆಯುತ್ತಾನೆ. ಹಾವು ಬೆರಳಿಗೆ ಕಚ್ಚಿದಾಗ ಅದೇ ಜನಿವಾರದಿಂದ ಬೆರಳು ಬಿಗಿದು ಕಟ್ಟುತ್ತಾನೆ. ಬಾಗಿಲು ಕಿರುಗುಟ್ಟದಿರಲಿ ಅಂತ ನೀರು ಹುಡುಕಿ ಚಿಮುಕಿಸುತ್ತಾನೆ. ಒಳಗೆ ಹೋಗಿ ನೋಡಿದರೆ ಅದು ಬಡವನ ಮನೆ. ಬರಿಗೈಲಿ ಹೊರಡಬೇಕು ಅನ್ನುವಷ್ಟರಲ್ಲಿ ಅಲ್ಲೇ ಮಲಗಿದ್ದ ಮೈತ್ರೇಯ, ಚಾರುದತ್ತನ ಗೆಳೆಯ, ನಿದ್ದೆಗಣ್ಣಲ್ಲಿ ಕನವರಿಸುತ್ತಾ, ತನ್ನ ಕಾವಲಿನಲ್ಲಿದ್ದ ಒಡವೆಯ ಗಂಟನ್ನು ಗೆಳೆಯನಿಗೆ ಕೊಡುತ್ತಿದ್ದೇನೆ ಅಂದುಕೊಂಡು ಈ ಕಳ್ಳನ ಕೈಗೇ ಇಡುತ್ತಾನೆ.

ಇಲ್ಲಿಯವರೆಗೆ ಬರೀ ಕಳ್ಳತನ. ಕಥೆ ಶುರುವಾಗುವುದು ಇನ್ನು ಮುಂದೆ. ಶರ್ವಿಲಕ ಕದ್ದದ್ದು ತನಗಾಗಿ ಅಲ್ಲ. ತಾನು ಪ್ರೀತಿಸುವ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಹಣ ಬೇಕಾಗಿತ್ತು. ಒಡವೆ ತಂದು ಅವಳಿಗೆ ತೋರಿಸಿದರೆ ಅವಳು ತಕ್ಷಣ ಗುರುತು ಹಿಡಿಯುತ್ತಾಳೆ. ಅವು ಅವಳ ಒಡತಿ ವಸಂತಸೇನೆಯ ಒಡವೆಗಳೇ. ಚಾರುದತ್ತನ ಮನೆಯಲ್ಲಿ ಇಟ್ಟಿರಲು ಕೊಟ್ಟಿದ್ದಳು ಅಷ್ಟೇ. ಅಂದರೆ ಯಾರಿಂದ ಬಿಡುಗಡೆ ಕೊಳ್ಳಬೇಕಾಗಿತ್ತೋ ಅವರದೇ ವಸ್ತುವನ್ನು ಕದ್ದು ಅವರಿಗೇ ಬೆಲೆಯಾಗಿ ಕೊಡಲು ಬಂದಿದ್ದಾನೆ. ಇತ್ತ ಚಾರುದತ್ತನ ಮನೆಯಲ್ಲಿ ಅವನ ಹೆಂಡತಿ ಧೂತೆ, ಗಂಡನ ಮೇಲೆ ಅಪವಾದ ಬಾರದಿರಲಿ ಅಂತ ತನ್ನ ರತ್ನಹಾರವನ್ನೇ ತೆಗೆದು ಕೊಡುತ್ತಾಳೆ. ಶರ್ವಿಲಕ ಅವಳ ಮುಖವನ್ನೂ ನೋಡಿಲ್ಲ. ಆದರೂ ಅವನ ಕಳ್ಳತನದ ಏಟು ಬಿದ್ದದ್ದು ಅವಳ ಕೊರಳಿಗೆ.

ಒಂದು ಗಂಟು ಕದ್ದದ್ದರಿಂದ ಇಷ್ಟೆಲ್ಲ ಹುಟ್ಟಿತು. ಮಾಂತ್ರಿಕ ಬೇಕಾಗಲಿಲ್ಲ, ಭೂಕಂಪ ಬೇಕಾಗಲಿಲ್ಲ. ಆ ವಸ್ತುವಿಗೆ ಒಡೆಯರಿದ್ದರು, ಅದನ್ನು ಕಾಯುವವರಿದ್ದರು, ಹೋದಾಗ ನಷ್ಟ ತುಂಬಿಕೊಡಬೇಕಾದವರೂ ಇದ್ದರು. ನೀವು ತೆಗೆದುಕೊಳ್ಳಬೇಕಾದದ್ದು ಇದನ್ನು.

ನಿಮ್ಮ ಮಿಂಚಿಗೆ ಇದನ್ನು ಹೊಂದಿಸಿ ನೋಡೋಣ. ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಅವಳಿರುವ ಊರಿನ ಮೇಲೆ ಪ್ರತಿ ಸಂಜೆ ಒಂದು ಮಂಜು ಇಳಿಯುತ್ತದೆ. ಗೋಪುರದ ಗಂಟೆ ಬಾರಿಸಿದರೆ ಮಾತ್ರ ಅದು ಹಿಂದೆ ಸರಿಯುತ್ತದೆ. ಗುಂಪಿನ ದೊಡ್ಡವರು ಹೇಳುತ್ತಾರೆ: ಆ ಗಂಟೆಯ ನಾಲಿಗೆ ಬೆಳ್ಳಿಯದ್ದು, ಕಿಂಡಿ ಚಿಕ್ಕದು, ನೀನೇ ನುಗ್ಗಬೇಕು. ಮಿಂಚಿ ನುಗ್ಗುತ್ತಾಳೆ, ಬಿಚ್ಚುತ್ತಾಳೆ, ತರುತ್ತಾಳೆ. ನೋಡಿದರೆ ಬೆಳ್ಳಿಯೂ ಅಲ್ಲ, ಮಾರುವ ಹಾಗೂ ಇಲ್ಲ. ಮಾರನೇ ಸಂಜೆ ಗಂಟೆ ಬಾರಿಸುವ ಮುದುಕಿ ಎಂದಿನಂತೆ ಹಗ್ಗ ಎಳೆಯುತ್ತಾಳೆ. ಸದ್ದು ಬರುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾಳೆ. ಮಿಂಚಿ ಎದುರಿನ ಮಾಡಿನ ಮೇಲೆ ಕೂತು ಇದನ್ನು ನೋಡುತ್ತಿದ್ದಾಳೆ.

ಈ ಕ್ಷಣದಲ್ಲಿ ನಿಮ್ಮ ಕಾದಂಬರಿ ಶುರುವಾಗುತ್ತದೆ. ಇನ್ನು ಮುಂದಿನ ಅಧ್ಯಾಯಕ್ಕೆ ಏನು ಬರೆಯಲಿ ಅಂತ ಹುಡುಕುವ ಕೆಲಸವೇ ಇಲ್ಲ. ಮುದುಕಿಯ ಮೇಲೆ ತಪ್ಪು ಹೊರಿಸುತ್ತಾರಾ? ಮಂಜು ಒಳಗೆ ಬಂದರೆ ಏನಾಗುತ್ತದೆ? ಮಿಂಚಿ ವಾಪಸ್ ಇಡಲು ಹೋದರೆ ಈಗ ಅಲ್ಲಿ ಕಾವಲಿದೆ. ಗುಂಪಿನವರಂತೂ ಅದನ್ನು ಬಿಟ್ಟುಕೊಡಲ್ಲ. ಅವಳು ತಾನು ಕದ್ದದ್ದನ್ನೇ ಮತ್ತೆ ಕದಿಯಬೇಕು, ಈ ಸಲ ತನ್ನವರಿಂದ.

‘ಮಕ್ಕಳಿಗೆ ಕಳ್ಳತನ ಕಲಿಸಿದ ಹಾಗೆ’ ಅನ್ನುವ ಆತಂಕಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಈ ವಯಸ್ಸಿನ ಮಕ್ಕಳು ನ್ಯಾಯದ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟು. ಆಟದಲ್ಲಿ ಯಾರಾದರೂ ಒಂದು ಹೆಜ್ಜೆ ಮುಂದೆ ಇಟ್ಟರೂ ಬಿಡುವುದಿಲ್ಲ, ಅಲ್ವಾ? ಮಕ್ಕಳ ಮುಂದೆ ಇಂಥ ಕಥೆ ಓದಿದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ‘ಅವಳು ಸಿಕ್ಕಿಬಿದ್ದಳಾ?’ ಅನ್ನುವುದಲ್ಲ. ‘ಅದನ್ನ ವಾಪಸ್ ಕೊಟ್ಟಳಾ?’ ಅನ್ನುವುದು. ಅವರು ಒಡೆಯನನ್ನು ಮರೆಯುವುದಿಲ್ಲ. ಮರೆಯುವವರು ಬರೆಯುವ ನಾವು.

ದೊಡ್ಡವರಿಗೆ ಹೆದರಿ ಲೇಖಕರು ಎರಡು ದಾರಿ ಹಿಡಿಯುತ್ತಾರೆ. ಒಂದು, ನೆವ ಕೊಡುವುದು. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಹಾಗೆ. ಹಸಿದಿದ್ದಳು, ಹೊಡೆದು ಕಳಿಸಿದರು, ಕದ್ದದ್ದು ಕೆಟ್ಟವನದ್ದೇ, ಆ ಕೆಟ್ಟವನೂ ಅದನ್ನು ಕದ್ದೇ ತಂದಿದ್ದ. ನಿಮ್ಮ ಎರಡನೇ ಅಧ್ಯಾಯದಲ್ಲಿ ಈ ನಾಲ್ಕೂ ಇವೆ. ಇಷ್ಟು ನೆವ ಒಟ್ಟಿಗೆ ಕೊಟ್ಟರೆ ಮಿಂಚಿ ಏನನ್ನೂ ಮಾಡಿದ ಹಾಗೆ ಆಗುವುದಿಲ್ಲ, ಎಲ್ಲವೂ ಅವಳಿಗೆ ಆದ ಹಾಗೆ ಆಗುತ್ತದೆ. ಹಸಿವು ಇರಲಿ, ಅದು ನಿಜ. ಆದರೆ ಕೈ ಚಾಚುವ ಗಳಿಗೆಯಲ್ಲಿ ಅವಳೇ ನಿರ್ಧರಿಸಬೇಕು. ಅವಳಿಗೆ ಅದರಲ್ಲಿ ಸ್ವಲ್ಪ ಖುಷಿಯೂ ಆಗಲಿ. ಕೈಚಳಕ ಕೂಡಿಬಂದಾಗ ಆಗುವ ಖುಷಿಯನ್ನು ಬಚ್ಚಿಟ್ಟರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ದಾರಿ ಕೊನೆಯ ಪುಟದ ಉಪದೇಶ. ಅದನ್ನು ಯಾವ ಮಗುವೂ ಓದುವುದಿಲ್ಲ. ಬಿಟ್ಟುಬಿಡಿ.

ಈಗ ಮಿಂಚಿಯ ಬಗ್ಗೆ. ಮೊದಲ ನಾಲ್ಕು ಪುಟ ಅವಳ ಹರಿದ ಬಟ್ಟೆ, ಖಾಲಿ ಹೊಟ್ಟೆ, ಬೈಗುಳ, ಏಟು ಇವಕ್ಕೇ ಹೋಗಿದೆ. ಓದುಗರಿಗೆ ಅಯ್ಯೋ ಪಾಪ ಅನಿಸುತ್ತದೆ. ಆದರೆ ಪಾಪ ಅನಿಸಿದ ಮಾತ್ರಕ್ಕೆ ಅವಳ ಹಿಂದೆ ಮುನ್ನೂರು ಪುಟ ಓಡುವುದಿಲ್ಲ. ಎಲ್ಲರಿಗಿಂತ ಕೆಳಗಿರುವುದು ಅಂದರೆ ಏನು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ತಮ್ಮ ಮಾತನ್ನು ಯಾರೂ ನಂಬದಿದ್ದಾಗ, ದೊಡ್ಡವರು ತಮ್ಮ ತಲೆಯ ಮೇಲೆ ಮಾತಾಡಿಕೊಂಡಾಗ, ಆಟಕ್ಕೆ ಕೊನೆಯಲ್ಲಿ ಆರಿಸಿಕೊಂಡಾಗ ಅವರಿಗೆ ಅದರ ಅನುಭವ ಆಗಿರುತ್ತದೆ. ಅಲ್ಲಿಂದ ಶುರು ಮಾಡಿ. ಮಿಂಚಿ ಗುಂಪಿನವರಿಗೆ ‘ಆ ಗೋಪುರದಲ್ಲಿ ಯಾರೋ ಮಲಗುತ್ತಾರೆ, ನಾನು ನೋಡಿದ್ದೇನೆ’ ಅಂತ ಹೇಳುತ್ತಾಳೆ. ಯಾರೂ ತಿರುಗಿಯೂ ನೋಡುವುದಿಲ್ಲ. ಅವಳು ಹೇಳಿದ್ದು ನಿಜವಿತ್ತು. ಇಷ್ಟು ಸಾಕು, ಹರಿದ ಬಟ್ಟೆ ಬೇಕಾಗಿಲ್ಲ.

ಅವಳ ಮೈ ಚಿಕ್ಕದು ಅನ್ನುವುದನ್ನು ಸುಮ್ನೆ ಹೇಳಿ ಬಿಡಬೇಡಿ, ಅದನ್ನು ದುಡಿಸಿಕೊಳ್ಳಿ. ಕಿಂಡಿಯಲ್ಲಿ ನುಗ್ಗಬಲ್ಲಳು, ಆದರೆ ಒಳಗಿನ ಚಿಲಕ ಅವಳಿಗೆ ಎಟಕುವುದಿಲ್ಲ. ಗೋಡೆ ಹತ್ತಬಲ್ಲಳು, ಆದರೆ ಭಾರ ಹೊರಲಾರಳು. ಹೀಗೆ ಒಂದು ಆಗುವುದು, ಒಂದು ಆಗದಿರುವುದು ಜೊತೆಜೊತೆಗೆ ಬಂದರೆ ಪ್ರತಿ ದೃಶ್ಯಕ್ಕೂ ಒಂದು ಸಮಸ್ಯೆ ಪುಕ್ಕಟೆಯಾಗಿ ಸಿಗುತ್ತದೆ. ಜಾಣತನವೂ ಮಗುವಿನ ಜಾಣತನವೇ ಆಗಿರಲಿ. ಗ್ರೀಕರ ಹಳೆಯ ಕಥೆಯಲ್ಲಿ ಹರ್ಮಿಸ್ ದೇವರು ಹುಟ್ಟಿದ ದಿನವೇ ಅಣ್ಣ ಅಪೊಲೊನ 50 ದನಗಳನ್ನು ಕದಿಯುತ್ತಾನೆ. ಹೆಜ್ಜೆ ಗುರುತು ಹಿಡಿದು ಬಂದವರಿಗೆ ದಾರಿ ತಪ್ಪಲಿ ಅಂತ ದನಗಳನ್ನು ಹಿಂದು ಹಿಂದಕ್ಕೆ ನಡೆಸುತ್ತಾನೆ, ತನ್ನ ಕಾಲಿಗೆ ರೆಂಬೆಗಳನ್ನು ಹೆಣೆದು ಕಟ್ಟಿಕೊಳ್ಳುತ್ತಾನೆ. ಯಾವ ಮಗುವಿಗಾದರೂ ಒಂದೇ ಏಟಿಗೆ ಅರ್ಥವಾಗುವ, ‘ಅರೆ, ಇದು ನನಗೆ ಹೊಳೀಬೇಕಿತ್ತು’ ಅನಿಸುವ ಉಪಾಯ ಅದು. ಸಿಕ್ಕಿಬಿದ್ದ ಮೇಲೆ ಹರ್ಮಿಸ್ ತಾನು ಮಾಡಿದ ವೀಣೆಯಂಥ ವಾದ್ಯವನ್ನು ಅಪೊಲೊಗೆ ಕೊಟ್ಟು ರಾಜಿಯಾಗುತ್ತಾನೆ. ಅಲ್ಲೂ ನೋಡಿ, ದನಗಳ ಒಡೆಯ ಕಥೆಯೊಳಗೆ ಬಂದೇ ಬರುತ್ತಾನೆ.

ಕಳೆದುಹೋದ ರಾಜಕುಮಾರಿಯನ್ನು ದಯವಿಟ್ಟು ತೆಗೆದುಹಾಕಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮ ಪುಸ್ತಕಕ್ಕೆ ನೀವೇ ಮಾಡುವ ಅನ್ಯಾಯ. ಇನ್ನೂರೈವತ್ತು ಪುಟ ‘ಏನೂ ಇಲ್ಲದವಳು ಗೆದ್ದಳು’ ಅಂತ ಹೇಳಿ, ಕೊನೆಗೆ ‘ಅವಳ ಮೈಯಲ್ಲಿ ರಾಜರ ರಕ್ತ ಇತ್ತು’ ಅಂದರೆ ಹಿಂದಿನದ್ದೆಲ್ಲ ಸುಳ್ಳಾಗುತ್ತದೆ. ಅವಳು ಕಷ್ಟಪಟ್ಟು ಕಲಿತ ಕೈಚಳಕ, ಧೈರ್ಯ, ಕರುಣೆ ಎಲ್ಲವೂ ವಂಶದಿಂದ ಬಂದದ್ದು ಅಂತ ಆಗಿಬಿಡುತ್ತದೆ. ಪುಸ್ತಕ ಹಿಡಿದು ಕೂತ ಮಗುವಿಗೆ ಅಂಥ ವಂಶ ಇಲ್ಲ. ಇಷ್ಟು ಹೊತ್ತು ಮಿಂಚಿಯ ಪಕ್ಕದಲ್ಲಿ ನಡೆದ ಆ ಮಗುವನ್ನು ಅರಮನೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ ಹಾಗಾಗುತ್ತದೆ. ಮಿಂಚಿ ಯಾರ ಮಗಳು ಅಂತ ಗೊತ್ತಾಗಲೇಬೇಕು ಅಂತಿದ್ದರೆ, ಅವಳು ಒಬ್ಬ ಸಾಧಾರಣ ಬೀಗ ಮಾಡುವವನ ಮಗಳಾಗಲಿ.

ಬೀಗ ಅಂದ ಮೇಲೆ ನೆನಪಾಯಿತು. ನಿಮ್ಮ ಕಥೆಯಲ್ಲಿ ಮಿಂಚಿ ಕೂದಲಿನ ಪಿನ್ನು ತೂರಿಸಿದ ಕೂಡಲೇ ಎಲ್ಲ ಬೀಗವೂ ತೆರೆದುಕೊಳ್ಳುತ್ತದೆ. ಒಳ್ಳೆಯ ಬೀಗ ಹಾಗೆ ತೆರೆಯುವುದಿಲ್ಲ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದ ಸಮಯದಲ್ಲಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕದ ಬೀಗದ ತಜ್ಞ, ಬ್ರಾಮಾ ಕಂಪನಿಯ ಹೆಸರುವಾಸಿ ಬೀಗವನ್ನು ಕೀಲಿಯಿಲ್ಲದೆ ತೆರೆದ. 1790ರಿಂದ ಅದು ‘ತೆರೆದವರಿಗೆ ಬಹುಮಾನ’ ಅನ್ನುವ ಸವಾಲಿನೊಂದಿಗೆ ಅಂಗಡಿಯ ಕಿಟಕಿಯಲ್ಲಿತ್ತು. ಅವನಿಗೆ ಹಿಡಿದದ್ದು 16 ದಿನಗಳಲ್ಲಿ ಹರಡಿದ 51 ಗಂಟೆ. ಮಕ್ಕಳ ಪುಸ್ತಕದಲ್ಲಿ ಬೀಗ ತೆರೆಯುವ ವಿಧಾನವನ್ನು ಹಂತಹಂತವಾಗಿ ವಿವರಿಸುವುದು ಬೇಡ, ಅದರಿಂದ ಕಥೆಗೆ ಲಾಭವೂ ಇಲ್ಲ. ಆದರೆ ಹೊತ್ತು ಹಿಡಿಯುತ್ತದೆ ಅನ್ನುವುದನ್ನು ಬಳಸಿಕೊಳ್ಳಿ. ಬೀಗದೊಳಗಿನ ಒಂದು ಲೋಹದ ಎಸಳು ತಾಗಿದ್ದು ಬೆರಳ ತುದಿಗೆ ಗೊತ್ತಾಗುತ್ತದೆ, ಜಾರುತ್ತದೆ. ಕಾಲು ಜೋಮು ಹಿಡಿಯುತ್ತಿದೆ. ಮೆಟ್ಟಿಲ ಕೆಳಗೆ ಕಾವಲಿನವನು ಕೆಮ್ಮುತ್ತಾನೆ. ಇನ್ನೂ ಎರಡು ಎಸಳು ಉಳಿದಿವೆ. ಓದುವ ಮಗು ಉಸಿರು ಬಿಗಿಹಿಡಿಯುವುದು ಇಂಥ ಕಡೆ.

ಜೇಬು ಕತ್ತರಿಸುವ ದೃಶ್ಯಕ್ಕೂ ಇದೇ ಮಾತು. ಆ ಕಸುಬಿನಲ್ಲಿ ಕೈಗಿಂತ ಗಮನದ ಕೆಲಸ ಜಾಸ್ತಿ. ಒಬ್ಬ ಡಿಕ್ಕಿ ಹೊಡೆಯುತ್ತಾನೆ, ಇನ್ನೊಬ್ಬ ಕ್ಷಮೆ ಕೇಳುತ್ತಾನೆ, ಅಷ್ಟರಲ್ಲಿ ಮೂರನೆಯವನು ಕೆಲಸ ಮುಗಿಸಿರುತ್ತಾನೆ. ಯಾರು ಯಾವ ಕಡೆ ನೋಡುತ್ತಿದ್ದಾರೆ ಅನ್ನುವುದೇ ಮಿಂಚಿಯ ನಿಜವಾದ ವಿದ್ಯೆ. ಎಲ್ಲರನ್ನೂ ನೋಡುವ, ಯಾರ ಕಣ್ಣಿಗೂ ಬೀಳದ ಹುಡುಗಿ ಅವಳು. ಮುದುಕಿಯ ನೋವು ಅವಳಿಗೆ ಮೊದಲು ಕಾಣುವುದೂ ಈ ವಿದ್ಯೆಯಿಂದಲೇ ಆದರೆ ಎಷ್ಟು ಚೆನ್ನಾಗಿರುತ್ತದೆ ನೋಡಿ.

ಮಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮಿಂಚಿಯ ಕೆಲಸವನ್ನು ಕಷ್ಟ ಮಾಡಬೇಕೇ ಹೊರತು ಸುಲಭ ಮಾಡಬಾರದು. ಉಂಗುರ ಹಾಕಿಕೊಂಡು ಮಾಯವಾಗುವ ಹಾಗಿದ್ದರೆ ಕಳ್ಳತನದ ವಿದ್ಯೆ ಯಾಕೆ ಬೇಕು? ಸುಳ್ಳು ಹೇಳಿದರೆ ಕೂಗುವ ಬಾಗಿಲು, ಹಗುರ ಹೆಜ್ಜೆಯನ್ನೇ ಗುರುತಿಸುವ ನೆಲ, ಇಂಥವು ಬರಲಿ.

ಬೆನ್ನಟ್ಟುವವನ ವಿಷಯಕ್ಕೆ ಬರುತ್ತೇನೆ. ನಿಮ್ಮ ದುಷ್ಟ ಮಾಂತ್ರಿಕನಿಗೆ ಮಿಂಚಿ ಯಾರು ಅಂತಲೇ ಗೊತ್ತಿಲ್ಲ, ಹಾಗಾಗಿ ಅವನ ಸಿಟ್ಟು ಬರೀ ಗದ್ದಲ. ಸುಮಾರು 10ನೇ ಶತಮಾನದ ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ವಿದ್ಯುಚ್ಚೋರನ ಕಥೆ ಒಂದು. ಅದರಲ್ಲಿ ಅರಸನ ಮಗ ಮತ್ತು ತಳಾರನ, ಅಂದರೆ ಊರ ಕಾವಲುಗಾರನ, ಮಗ ಜೊತೆಯಲ್ಲಿ ಬೆಳೆದ ಗೆಳೆಯರು. ಅರಸನ ಮಗ ಕಳ್ಳರ ವಿದ್ಯೆ ಕಲಿಯುತ್ತಾನೆ, ಗೆಳೆಯ ಯಮದಂಡ ಕಳ್ಳರನ್ನು ಹಿಡಿಯುವ ವಿದ್ಯೆ ಕಲಿಯುತ್ತಾನೆ. ಮುಂದೆ ಒಬ್ಬನನ್ನು ಇನ್ನೊಬ್ಬ ಹಿಡಿಯಬೇಕಾಗುತ್ತದೆ. ಸಾವಿರ ವರ್ಷದ ಹಿಂದಿನ ಕನ್ನಡ ಗದ್ಯದಲ್ಲೇ ಇಂಥ ಜೋಡಿ ಇದೆ, ನಾವು ಮಾತ್ರ ಎಲ್ಲೆಲ್ಲೋ ಹುಡುಕುತ್ತೇವೆ. ಗೋಪುರದ ಕಾವಲಿಗೆ ಹೊಸದಾಗಿ ಸೇರಿದ ಹುಡುಗ, ಒಂದು ಕಾಲಕ್ಕೆ ಮಿಂಚಿಯ ಜೊತೆ ಅದೇ ಬೀದಿಯಲ್ಲಿ ಮಲಗಿದವನು ಆಗಿದ್ದರೆ? ಅವಳ ಉಪಾಯಗಳೆಲ್ಲ ಅವನಿಗೆ ಗೊತ್ತು. ಅವಳನ್ನು ಹಿಡಿದುಕೊಟ್ಟರೆ ಅವನ ಕೆಲಸ ಖಾಯಂ. ಆ ಮುದುಕಿ ಅವನ ಅಜ್ಜಿಯೂ ಆಗಿಬಿಟ್ಟರೆ ಜಾಸ್ತಿಯಾಯಿತು ಅನಿಸಬಹುದು, ಅದು ನಿಮಗೆ ಬಿಟ್ಟದ್ದು.

ಉದ್ದದ ಬಗ್ಗೆಯೂ ಒಂದು ಮಾತು. 8ರಿಂದ 12 ವರ್ಷದವರ ಕಾದಂಬರಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 30ರಿಂದ 50 ಸಾವಿರ ಪದಗಳ ಲೆಕ್ಕ ಹೇಳುತ್ತಾರೆ, ಫ್ಯಾಂಟಸಿ ಇನ್ನೂ ಉದ್ದ ಹೋಗುವುದುಂಟು. ಕನ್ನಡದಲ್ಲಿ ಅದೇ ಕಥೆಗೆ ಪದಗಳು ಕಡಿಮೆ ಸಾಕು, ಏಕೆಂದರೆ ನಮ್ಮ ಒಂದೊಂದು ಪದವೂ ಪ್ರತ್ಯಯಗಳನ್ನು ಹೊತ್ತುಕೊಂಡು ಉದ್ದವಾಗಿರುತ್ತದೆ. ಪದ ಎಣಿಸುವ ಬದಲು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ನೋಡಿ. ಒಂದೇ ಸಲಕ್ಕೆ, ದನಿ ಬಳಲದೆ ಮುಗಿದರೆ ಸರಿಯಾಗಿದೆ. ನಿಮ್ಮ ಐದನೇ ಅಧ್ಯಾಯ ಹಾಗೆ ಮುಗಿಯುವುದಿಲ್ಲ.

ಈಗ ಒಂಬತ್ತನೇ ಅಧ್ಯಾಯಕ್ಕೆ ಕೈ ಹಾಕಬೇಡಿ. ಮೊದಲು ಒಂದು ಪುಟ ಬರೆಯಿರಿ, ಪುಸ್ತಕಕ್ಕೆ ಸೇರದ ಪುಟ. ವಸ್ತು ಕಳೆದುಕೊಂಡವರು ಬೆಳಗ್ಗೆ ಎದ್ದು, ಅದು ಇರಬೇಕಾದ ಜಾಗಕ್ಕೆ ಕೈ ಹಾಕಿ, ಇಲ್ಲ ಅಂತ ತಿಳಿಯುವ ಪುಟ. ಅವರ ಹೆಸರು, ಆ ವಸ್ತು ಅವರಿಗೆ ಎಲ್ಲಿಂದ ಬಂತು, ಮೊದಲು ಯಾರ ಮೇಲೆ ಅನುಮಾನ ಪಟ್ಟರು, ಯಾರಿಗೆ ಹೇಳಲು ಹೆದರಿದರು, ಎಲ್ಲವೂ ಇರಲಿ. ಅದು ಮುಗಿದ ಮೇಲೆ ಮೊದಲ ಅಧ್ಯಾಯವನ್ನು ಹೊಸದಾಗಿ ಬರೆಯಿರಿ. ಮಾಂತ್ರಿಕ, ರಾಕ್ಷಸ ಹಕ್ಕಿ, ಭೂಕಂಪ ಮೂರೂ ಹೋಗಲಿ. ಮೂರನೇ ಅಧ್ಯಾಯವನ್ನು ಮಾತ್ರ ಮುಟ್ಟಬೇಡಿ. ಮಿಂಚಿ ಮಳೆಯಲ್ಲಿ ಮಾಡಿನಿಂದ ಮಾಡಿಗೆ ಓಡುತ್ತಾ, ಸಡಿಲವಾದ ಹೆಂಚುಗಳನ್ನು ಸದ್ದಿನಿಂದಲೇ ಗುರುತಿಸುವ ಆ ನಾಲ್ಕು ಪುಟ ಈಗಲೇ ಚೆನ್ನಾಗಿದೆ. ಅವಳು ಗೋಪುರಕ್ಕೆ ಎರಡನೇ ಸಲ ಹೋಗುವ ರಾತ್ರಿಗೆ ಅದು ಬೇಕಾಗುತ್ತದೆ.